ಹಳೇ ಕಾರಿನ ಬಟ್ಟೆ ಛಾವಣಿ ಬಿಚ್ಚಿ ಸರಿಮಾಡೋದು

1963ರ ಮಾಡೆಲ್‌ವರೆಗಿನ ಫೋಕ್ಸ್‌ವ್ಯಾಗನ್ ಬೀಟಲ್‌ನಂಥ ಹಳೇ ಕಾರುಗಳ ಬಟ್ಟೆಯ ಸ್ಲೈಡಿಂಗ್ ರೂಫ್ ಸೋರಿದರೆ ಎಲ್ಲರೂ ಬೈಯೋದು ಬಟ್ಟೆಯನ್ನ. ನಾನು ಮೊದಲು ನೋಡೋದು ಅಂಚಿನ ರಬ್ಬರು. ನೀರು ಹರಿದುಹೋಗುವ ಕೊಳವೆ ಇದ್ದರೆ ಅದನ್ನೂ ಊದಿ ನೋಡಿ. ಎಷ್ಟೋ ಸಲ ಕಸ ತೆಗೆದರೆ ಕೆಲಸವೇ ಮುಗಿಯುತ್ತೆ.

ಬಿಚ್ಚಲೇಬೇಕು ಅಂದರೆ ಹಿಂದಿನ ರಾತ್ರಿಯೇ ರೈಲಿನ (ಛಾವಣಿ ಜಾರುವ ಲೋಹದ ಹಳಿ) ಸ್ಕ್ರೂಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮುಂದಿನ ಹಿಡಿ, ಬೀಡಿಂಗು (ಅಂಚು ಮುಚ್ಚುವ ಪಟ್ಟಿ), ಆಮೇಲೆ ರೈಲು, ಇದೇ ಕ್ರಮ. ಹಳೇ ಬಟ್ಟೆಯನ್ನು ಹರಿಯದೆ ಬಿಡಿಸಿ, ಹೊಸದನ್ನು ಕತ್ತರಿಸಲು ಅದೇ ಅಳತೆ. ಬಟ್ಟೆಯ ಮುಂದಿನ ಅಂಚನ್ನು ಹಿಡಿಯುವ ಮುಂಪಟ್ಟಿ ಮರದ್ದಾದರೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೊನೆ ಮೆತ್ತಗೆ ಇಳಿದರೆ ಮರ ಬದಲಿಸಿ. ತುಕ್ಕು ಉಜ್ಜಿ ಪ್ರೈಮರ್ ಹೊಡೆಯಿರಿ.

ಅಸಲಿ ಕೆಲಸ ಬಟ್ಟೆ ಎಳೆಯೋದರಲ್ಲಿದೆ. ಬಟ್ಟೆಗೂ ಚೌಕಟ್ಟಿಗೂ ನಡುಗೆರೆಯನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಬಟ್ಟೆಯನ್ನು ಬಿಸಿಲಲ್ಲಿ ಹಾಸಿ, ಮೆತ್ತಗಾಗಲಿ. ಅಂಟನ್ನು ಎರಡೂ ಕಡೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗೋವರೆಗೆ ಕಾಯಿರಿ. ಅವಸರಪಟ್ಟರೆ ಅಂಚು ಜಾರುತ್ತೆ. ನಡುವಿನಿಂದ ಶುರುಮಾಡಿ ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು ಒತ್ತುತ್ತಾ ಹೋಗಿ. ತಮಟೆ ಹಾಗೆ ಬಿಗಿಯಬೇಡಿ, ಚಳಿಗೆ ಬಟ್ಟೆ ಕುಗ್ಗಿ ಹಿಡಿ ಕೊಂಡಿಗೆ ಸಿಗದೇ ಹೋಗುತ್ತೆ.

ರೈಲಿಗೆ ಗ್ರೀಸು ಮೆತ್ತೋ ಚಟ ನನಗಿಲ್ಲ, ಧೂಳು ಹಿಡಿಯುತ್ತೆ, ಸಿಲಿಕೋನ್ ಸ್ಪ್ರೇ ಸಾಕು. ಎರಡೂ ಬದಿ ಸಮ ಸರಿಯುತ್ತಾ ಅಂತ ಟೇಪಿನಿಂದ ಅಳೆಯಿರಿ, ಓರೆಯಾದರೆ ಸಿಕ್ಕಿಕೊಳ್ಳೋದು ಖಾತ್ರಿ. ಅಂಟು ಪೂರ್ತಿ ಒಣಗಿದ ಮೇಲೆ ಚೊಂಬಿನಲ್ಲಿ ನೀರು ಸುರಿದು ನೋಡಿ, ಪ್ರೆಷರ್ ಪೈಪು ಮಾತ್ರ ಹಿಡಿಯಬೇಡಿ.