ತಿಂದದ್ದು ಮೈಗೆ ಹತ್ತದವರಿಗೆ: ನಾನು ತೂಕ ಹೆಚ್ಚಿಸಿಕೊಂಡ ಬಗೆ

ನನ್ನ ಎತ್ತರ 5 ಅಡಿ 9 ಇಂಚು. ಮೂವತ್ತು ದಾಟುವವರೆಗೂ ತೂಕ 52 ಕೆ.ಜಿ. ಮೇಲೆ ಹೋಗಿರಲಿಲ್ಲ. ಈಗ 61 ಇದೆ. ಇಷ್ಟಾಗಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ದಪ್ಪ ಆಗುವ ಮಾತ್ರೆ ನುಂಗಿಲ್ಲ, ಡಬ್ಬಿ ಪೌಡರ್ ಕುಡಿದಿಲ್ಲ. ಮನೆಯ ಊಟ, ಹಾಲು, ಶೇಂಗಾ, ಜೊತೆಗೆ ವಾರಕ್ಕೆ ಮೂರು ದಿನ ಭಾರ ಎತ್ತುವುದು. ತೆಳ್ಳಗಿರುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: "ಚೆನ್ನಾಗಿ ತಿನ್ನು." ಹೊಟ್ಟೆ ತುಂಬಿದ ಮೇಲೂ ಚೆನ್ನಾಗಿ ತಿನ್ನುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ರೆಪ್, ಅಂದರೆ ಡಾಕ್ಟರುಗಳನ್ನು ಕಾಣುವ ಔಷಧಿ ಕಂಪನಿಯ ಪ್ರತಿನಿಧಿ. ಬೆಳಿಗ್ಗೆ ಬೈಕ್ ಹತ್ತಿದರೆ ಮನೆ ಸೇರುವುದು ರಾತ್ರಿಯೇ. ಹುಬ್ಬಳ್ಳಿ, ಧಾರವಾಡ, ಆಗಾಗ ಗದಗ. ಕ್ಲಿನಿಕ್ ಹೊರಗೆ ಗಂಟೆಗಟ್ಟಲೆ ನಿಂತು ಕಾಯಬೇಕು, ಆಸ್ಪತ್ರೆಗಳ ಮೆಟ್ಟಿಲು ಹತ್ತಿ ಇಳಿಯಬೇಕು. ಮಧ್ಯಾಹ್ನದ ಊಟ ಮೂರು ಗಂಟೆಗೆ. ಅಲ್ಲಿಯವರೆಗೆ ಚಹಾದ ಮೇಲೆ ಚಹಾ.

ಮೊದಲು ಮಾಡಬೇಕಾದ ಕೆಲಸ ರಕ್ತ ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಚಿಕ್ಕಂದಿನಿಂದ ತೆಳ್ಳಗಿರುವುದು ಬೇರೆ, ಇದ್ದ ತೂಕ ಇಳಿಯುವುದು ಬೇರೆ. ಆರು ತಿಂಗಳು, ಒಂದು ವರ್ಷದೊಳಗೆ ಕಾರಣವಿಲ್ಲದೆ ಮೈತೂಕದ ನೂರಕ್ಕೆ ಐದು ಪಾಲು ಇಳಿದರೆ ಅದು ಡಾಕ್ಟರಿಗೆ ತೋರಿಸಲೇಬೇಕಾದ ವಿಷಯ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಬರುತ್ತದೆ, ಎಷ್ಟು ತಿಂದರೂ ತೂಕ ಇಳಿಯುತ್ತದೆ. ಸಕ್ಕರೆ ಕಾಯಿಲೆ, ಕ್ಷಯ, ಹೊಟ್ಟೆಯ ಹುಳ, ಕರುಳಿನ ತೊಂದರೆ, ಯಾವುದು ಬೇಕಾದರೂ ಇರಬಹುದು. ನನಗೆ ಡಾಕ್ಟರು ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಮೂರು ತಿಂಗಳ ಸರಾಸರಿ ಶುಗರ್, ಮಲ ಪರೀಕ್ಷೆ, ಎದೆಯ ಎಕ್ಸ್‌ರೇ ಬರೆದುಕೊಟ್ಟರು. ವಿಟಮಿನ್ ಬಿ12 ಒಂದು ಕಡಿಮೆ ಇತ್ತು, ಸಸ್ಯಾಹಾರಿಗಳಲ್ಲಿ ಇದು ಮಾಮೂಲು, ಅದಕ್ಕೆ ಔಷಧಿ ಕೊಟ್ಟರು. ಉಳಿದದ್ದೆಲ್ಲ ಸರಿ ಇತ್ತು.

ಹಾಗಾದರೆ ತಿಂದದ್ದು ಎಲ್ಲಿ ಹೋಗುತ್ತದೆ? ನಮ್ಮಂಥವರಿಗೆ "ಮೆಟಬಾಲಿಸಂ ಜೋರು", ಅಂದರೆ ದೇಹ ಶಕ್ತಿ ಖರ್ಚು ಮಾಡುವ ವೇಗ ಜಾಸ್ತಿ ಅಂತಾರೆ. ಆದರೆ ಸುಮ್ನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ದೊಡ್ಡ ಮೈಯವರಿಗೇ ಜಾಸ್ತಿ, ಸಣ್ಣ ಮೈಯವರಿಗೆ ಕಡಿಮೆ. ನಮ್ಮ ಖರ್ಚು ಇರುವುದು ಬೇರೆ ಕಡೆ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಜೊತೆಯವರು 16 ಜನರಿಗೆ ಎಂಟು ವಾರ, ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ಊಟ ಹಾಕಿ ನೋಡಿದರು. ಎಲ್ಲರಿಗೂ ಹೆಚ್ಚಿಗೆ ಕೊಟ್ಟದ್ದು ಅಷ್ಟೇ. ಆದರೆ ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಕೂಡಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ಮೇಲೆ ಕೂಡಿತು. ವ್ಯಾಯಾಮ ಅಲ್ಲದ ಓಡಾಟ, ನಿಲ್ಲುವುದು, ಕೂತಲ್ಲೇ ಕೈಕಾಲು ಆಡಿಸುವುದು, ಇವೇ ಈ ವ್ಯತ್ಯಾಸಕ್ಕೆ ದೊಡ್ಡ ಕಾರಣ ಅಂತ ಅವರು ಕಂಡುಕೊಂಡರು. ಕೆಲವರ ಮೈ ಹೆಚ್ಚಿಗೆ ತಿಂದ ಕೂಡಲೇ ತಾನಾಗಿ ಹೆಚ್ಚು ಅಲುಗಾಡತೊಡಗುತ್ತದೆ. ಇದನ್ನು ಓದಿದ ಮೇಲೆ ನನಗೆ ದಾರಿ ಸ್ಪಷ್ಟವಾಯಿತು. ಕೆಲಸ ಬಿಡಲು ಆಗದು, ಓಡಾಟ ನಿಲ್ಲದು. ಆ ಖರ್ಚು ಹಾಗೇ ಇರಲಿ, ಒಳಗೆ ಹೋಗುವುದನ್ನು ಹೆಚ್ಚಿಸಬೇಕು.

ಹೆಚ್ಚಿಸುವ ಮೊದಲು ಎಷ್ಟು ತಿನ್ನುತ್ತಿದ್ದೇನೆ ಅಂತ ಗೊತ್ತಾಗಬೇಕಲ್ವಾ? ಒಂದು ವಾರ ಎಲ್ಲವನ್ನೂ ಬರೆದಿಟ್ಟೆ. ರೊಟ್ಟಿ ಎಷ್ಟು, ಅನ್ನ ಎಷ್ಟು, ಚಹಾಕ್ಕೆ ಸಕ್ಕರೆ ಎಷ್ಟು, ಎಲ್ಲ. ಭಾನುವಾರದ ಹೋಳಿಗೆ ಊಟ ಜೋರಾಗಿತ್ತು. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನದ ಲೆಕ್ಕ 1800 ಕ್ಯಾಲೊರಿಯ ಆಸುಪಾಸಿನಲ್ಲೇ ಇತ್ತು. ಇಷ್ಟು ಓಡಾಡುವ ಗಂಡಸಿಗೆ ಇದು ಸಾಲದು. ತೆಳ್ಳಗಿರುವ ಗೆಳೆಯರಿಗೆಲ್ಲ ನಾನು ಈಗ ಮೊದಲು ಹೇಳುವುದು ಇದನ್ನೇ: ಒಂದು ವಾರ ಬರೆಯಿರಿ. ಹಬ್ಬದ ದಿನ ಎಷ್ಟು ಉಂಡೆವು ಅನ್ನುವುದು ನೆನಪಿರುತ್ತದೆ, ಮಂಗಳವಾರ ಮಧ್ಯಾಹ್ನ ಬರೀ ಒಂದು ಪ್ಲೇಟ್ ಮಿರ್ಚಿಯಲ್ಲಿ ಮುಗಿಸಿದ್ದು ನೆನಪಿರುವುದಿಲ್ಲ.

ಗುರಿ ಇಟ್ಟುಕೊಂಡಿದ್ದು ದಿನಕ್ಕೆ 400 ಕ್ಯಾಲೊರಿಯಷ್ಟು ಹೆಚ್ಚಿಗೆ. ತಿಂಗಳಿಗೆ ಒಂದು ಕಿಲೋ ಬಂದರೆ ಸಾಕು. ಇದಕ್ಕಿಂತ ಅವಸರ ಮಾಡಿದರೆ ಬರುವುದು ಬರೀ ಹೊಟ್ಟೆ.

ತಟ್ಟೆಯ ವಿಷಯಕ್ಕೆ ಬರೋಣ, ಇಡೀ ಕೆಲಸ ನಡೆದದ್ದು ಅಲ್ಲೇ. ನನಗೆ ಎರಡು ರೊಟ್ಟಿಗೆ ಹೊಟ್ಟೆ ತುಂಬಿಬಿಡುತ್ತದೆ. ಮೂರನೆಯದು ಇಳಿಯುವುದೇ ಇಲ್ಲ. ಅವ್ವ ಪ್ರತಿ ರಾತ್ರಿ, "ಎರಡ ರೊಟ್ಟಿಗೆ ಸಾಕಾತೇನೋ ತಮ್ಮಾ? ಇನ್ನೊಂದು ಹಾಕಲೇನು?" ಅಂತ ಕೇಳುವವಳು. ರೊಟ್ಟಿ ಎರಡೇ ಇರಲಿ, ಅದರ ಜೊತೆಗಿನದು ಬದಲಾಗಲಿ ಅಂತ ತೀರ್ಮಾನಿಸಿದೆ. "ರೊಟ್ಟಿ ಬ್ಯಾಡವ್ವಾ, ಹಿಂಡಿ ಹಾಕು, ಮ್ಯಾಲೆ ಎಣ್ಣಿ ಬಿಡು" ಅಂದೆ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ.

ನಮ್ಮ ಕಡೆ ಊಟಕ್ಕೆ ಕೂತ ಕೂಡಲೇ ಸೌತೆಕಾಯಿ, ಮೂಲಂಗಿ, ಮೆಂತ್ಯದ ಹಸಿ ತಪ್ಪಲು, ಉಳ್ಳಾಗಡ್ಡಿ ಕಚಕಚ ತಿನ್ನುವುದು ರೂಢಿ. ಆರೋಗ್ಯಕ್ಕೆ ಬಹಳ ಒಳ್ಳೆಯದು. ಆದರೆ ತೂಕ ಬೇಕಾದವನ ಅರ್ಧ ಹೊಟ್ಟೆ ನೀರು, ನಾರಿನಿಂದಲೇ ತುಂಬಿಹೋಗುತ್ತದೆ. ಅವನ್ನು ಬಿಡಲಿಲ್ಲ, ಊಟದ ಕೊನೆಗೆ ಇಟ್ಟುಕೊಂಡೆ. ಮೊದಲು ರೊಟ್ಟಿ, ಕಾಳಿನ ಪಲ್ಯ, ಎರಡು ಚಮಚ ಶೇಂಗಾ ಹಿಂಡಿ, ಅದರ ನಡುವೆ ಗುಳಿ ಮಾಡಿ ಹಸಿ ಎಣ್ಣೆ, ಪಕ್ಕದಲ್ಲಿ ಕೆನೆಮೊಸರು. ಒಂದು ದಿನ ಶೇಂಗಾ, ಒಂದು ದಿನ ಗುರೆಳ್ಳು, ಒಂದು ದಿನ ಅಗಸಿ. ಮಜ್ಜಿಗೆ ಇದ್ದ ಜಾಗಕ್ಕೆ ಮೊಸರು ಬಂತು. ಬಿಸಿ ಅನ್ನದ ಮೇಲೆ ತುಪ್ಪ ಬಂತು. 10 ಗ್ರಾಂ ತುಪ್ಪ ಅಂದರೆ 90 ಕ್ಯಾಲೊರಿ, ಹೊಟ್ಟೆಯಲ್ಲಿ ಅದು ಹಿಡಿಯುವ ಜಾಗ ಏನೂ ಇಲ್ಲ. ಎಣ್ಣೆ, ತುಪ್ಪದ ಒಂದು ಗ್ರಾಂನಲ್ಲಿ 9 ಕ್ಯಾಲೊರಿ ಇದ್ದರೆ ಹಿಟ್ಟು, ಸಕ್ಕರೆ, ಪ್ರೋಟೀನ್‌ನಲ್ಲಿ 4 ಅಷ್ಟೇ. ಬೇಗ ಹೊಟ್ಟೆ ತುಂಬುವವರು ಬಳಸಿಕೊಳ್ಳಬೇಕಾದದ್ದು ಈ ಲೆಕ್ಕವನ್ನೇ. ಹಾಗಂತ ಬಜ್ಜಿ, ವನಸ್ಪತಿಗೆ ಕೈ ಹಾಕಬೇಡಿ. ಕಾಳು, ಬೀಜ, ಹಾಲಿನ ಜಿಡ್ಡು ಬೇರೆ, ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದದ್ದು ಬೇರೆ.

ಹಾಲನ್ನೂ ಬದಲಿಸಿದೆ. ಮನೆಗೆ ಬರುತ್ತಿದ್ದದ್ದು ನಂದಿನಿಯ ನೀಲಿ ಪ್ಯಾಕೆಟ್, ಅದರಲ್ಲಿ ನೂರಕ್ಕೆ 3ರಷ್ಟು ಕೊಬ್ಬು. ನನ್ನ ಪಾಲಿಗೆ ಮಾತ್ರ ಸಮೃದ್ಧಿ ತರಿಸತೊಡಗಿದೆ, ಅದರಲ್ಲಿ 6. ಅರ್ಧ ಲೀಟರಿಗೆ ಸುಮಾರು 135 ಕ್ಯಾಲೊರಿ ಹೆಚ್ಚು, ಕುಡಿಯುವುದು ಅಷ್ಟೇ ಹಾಲು.

ಆದರೆ ನನ್ನ ತೂಕಕ್ಕೆ ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಸಂಜೆಯ ಒಂದು ಲೋಟ. ಅಗಿದು ತಿನ್ನುವುದಕ್ಕಿಂತ ಕುಡಿಯುವುದು ಸುಲಭ. 300 ಎಂ.ಎಲ್. ಹಾಲು ಕಾಯಿಸಿ ಆರಿಸಿದ್ದು, ಎರಡು ಏಲಕ್ಕಿ ಬಾಳೆಹಣ್ಣು, ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ, ನಿಂಬೆ ಗಾತ್ರದ ಬೆಲ್ಲ. ಶೇಂಗಾವನ್ನು ಮೊದಲು ಒಣಗಿದ್ದಾಗಲೇ ಪುಡಿ ಮಾಡಿಕೊಳ್ಳಬೇಕು, ಹಾಲಿನ ಜೊತೆಗೇ ಮಿಕ್ಸಿಗೆ ಹಾಕಿದರೆ ತುಣುಕು ಉಳಿದು ಗಂಟಲಿಗೆ ಸಿಗುತ್ತದೆ. ಬೇಕಿದ್ದರೆ ರಾಗಿ ಹುರಿಹಿಟ್ಟು ಒಂದು ಚಮಚ. ಎಲ್ಲ ಸೇರಿ 600 ಕ್ಯಾಲೊರಿ ಹತ್ತಿರ ಬರುತ್ತದೆ, ಪ್ರೋಟೀನ್ 18 ಗ್ರಾಂ ಮೇಲೆ. ಮೊದಮೊದಲು ಅರ್ಧ ಲೋಟವೇ ಕುಡಿಯಿರಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರು ಹಾಕಿ ಮಾಡಿಕೊಳ್ಳಬಹುದು. ಊಟಕ್ಕೆ ಮುಂಚೆ ಮಾತ್ರ ಇದು ಬೇಡ, ಹಸಿವು ಸತ್ತುಹೋಗುತ್ತದೆ. ನಾನು ಐದು ಗಂಟೆಗೆ ಕುಡಿದು ಒಂಬತ್ತೂವರೆಗೆ ಉಣ್ಣುತ್ತೇನೆ. ಸ್ಟೀಲ್ ಬಾಟಲಿಯಲ್ಲಿ ಹಾಲು, ಶೇಂಗಾ ಪುಡಿ ಕಲಸಿ ಒಯ್ದು, ಬಾಳೆಹಣ್ಣು ಅಲ್ಲೇ ಬೇರೆ ತಿಂದರೂ ನಡೆಯುತ್ತದೆ. ಬೇಸಿಗೆಯಲ್ಲಿ ಹಾಲು ಒಯ್ಯಬೇಡಿ, ಕೆಡುತ್ತದೆ. ಆ ತಿಂಗಳುಗಳಲ್ಲಿ ಬ್ಯಾಗಿನಲ್ಲಿ ಶೇಂಗಾ ಚಿಕ್ಕಿ, ಪುಟಾಣಿ (ಹುರಿಗಡಲೆ), ಕೆಲವೊಮ್ಮೆ ಗೋಕಾಕದ ಕರದಂಟು ಇರುತ್ತದೆ.

ಚಹಾ ಪೂರ್ತಿ ಬಿಡಲಿಲ್ಲ, ಎರಡಕ್ಕೆ ಇಳಿಸಿದೆ, ಅದೂ ಊಟ ಆಗಿ ಒಂದು ಗಂಟೆ ಬಿಟ್ಟು. ಖಾಲಿ ಹೊಟ್ಟೆಯ ಚಹಾ ಹಸಿವನ್ನು ಮುಂದಕ್ಕೆ ತಳ್ಳುತ್ತದೆ. ಊಟದ ಜೊತೆ ಕುಡಿದರೆ ಕಾಳು-ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಚಹಾ ಇಳಿಸಿದ್ದೊಂದರಿಂದಲೇ ಬೆಳಗಿನ ಹಸಿವು ಎದ್ದು ಕಾಣುವಷ್ಟು ಹೆಚ್ಚಿತು.

ಇನ್ನು ಭಾರ ಎತ್ತುವುದು. ತಿಂದದ್ದೆಲ್ಲ ಹೊಟ್ಟೆಯ ಸುತ್ತ ಕೂತರೆ ತೂಕ ಬಂದೂ ಪ್ರಯೋಜನವಿಲ್ಲ, ನಮ್ಮ ದೇಶದವರಿಗಂತೂ ಇಲ್ಲವೇ ಇಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರದೇ ಫೋಟೋ ಹಾಕಿ ಬರೆದಿದ್ದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಜಾಸ್ತಿ, ಮಾಂಸಖಂಡ ಕಡಿಮೆ, ಅದರಿಂದ ಶುಗರ್ ಬರುವ ಸಂಭವ ಹೆಚ್ಚು. ನಮ್ಮ ಮನೆಯಲ್ಲಿ ಅಪ್ಪನಿಗೆ ಶುಗರ್ ಇದೆ. ಹಾಗಾಗಿ ಬೇಕರಿ ತಿಂಡಿ, ಕೋಲಾ ಕುಡಿದು ದಪ್ಪ ಆಗುವ ದಾರಿ ನನಗೆ ಮೊದಲಿನಿಂದಲೂ ಬೇಡವಾಗಿತ್ತು.

ಧಾರವಾಡ ಸೀಮೆಯ ಹಳೆಯ ಪೈಲ್ವಾನರು ಬಾದಾಮಿ ಅರೆದ ಹಾಲು, ತುಪ್ಪ ಅಷ್ಟು ಸೇವಿಸಿ ಅರಗಿಸಿಕೊಳ್ಳುತ್ತಿದ್ದದ್ದು ಗರಡಿಮನೆಯ ಸಾಮಿನಿಂದ. ದಂಡ, ಬೈಠಕ್ ಇಲ್ಲದೆ ಆ ಊಟ ಮಾಡಿದರೆ ಬೇರೆಯದೇ ಕಥೆ ಆಗುತ್ತದೆ. ನಾನು ಹೋದದ್ದು ಮನೆ ಹತ್ತಿರದ ಸಣ್ಣ ಜಿಮ್‌ಗೆ. ಟ್ರೆಡ್‌ಮಿಲ್ ಮುಟ್ಟಲಿಲ್ಲ. ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ರೋ (ಬಗ್ಗಿ ಭಾರವನ್ನು ಹೊಟ್ಟೆಯ ಕಡೆ ಎಳೆಯುವುದು). ಒಂದೇ ಸಲಕ್ಕೆ ಹಲವು ದೊಡ್ಡ ಮಾಂಸಖಂಡ ಕೆಲಸ ಮಾಡುವ ಈ ನಾಲ್ಕೇ ನನಗೆ ಸಾಕಾದವು. ಶುರುವಿಗೆ ಖಾಲಿ ರಾಡ್, ಅದೇ 20 ಕೆ.ಜಿ. ಒಂದು ಭಾರವನ್ನು ಎಂಟು ಸಲ, ಮೂರು ಸುತ್ತು ಸಲೀಸಾಗಿ ಎತ್ತಿದ ಮೇಲೆ ಮುಂದಿನ ಬಾರಿ ಎರಡೂ ಕಡೆ ಚಿಕ್ಕ ಪ್ಲೇಟ್ ಸೇರಿಸಿ 2.5 ಕೆ.ಜಿ. ಹೆಚ್ಚು. ಭಾರ ಹೆಚ್ಚುತ್ತಾ ಹೋಗದಿದ್ದರೆ ಮಾಂಸಖಂಡಕ್ಕೆ ಬೆಳೆಯುವ ಕಾರಣವೇ ಇರುವುದಿಲ್ಲ. ಈಗ ನನ್ನ ಮೈತೂಕಕ್ಕಿಂತ ಜಾಸ್ತಿ ಭಾರ ಹೆಗಲ ಮೇಲಿಟ್ಟು ಕೂತು ಏಳುತ್ತೇನೆ. ಬೈಕ್ ಓಡಿಸಿ ಬರುತ್ತಿದ್ದ ಸೊಂಟನೋವು ಹೋದದ್ದು ನನಗೆ ತೂಕಕ್ಕಿಂತ ದೊಡ್ಡ ಸಮಾಧಾನ.

ಪ್ರೋಟೀನ್ ಲೆಕ್ಕ: ಸಾಮಾನ್ಯವಾಗಿ ಕಿಲೋ ಮೈತೂಕಕ್ಕೆ 0.83 ಗ್ರಾಂ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ಭಾರ ಎತ್ತಿ ಮೈ ಬೆಳೆಸುವವರಿಗೆ 1.6 ಗ್ರಾಂವರೆಗೆ ಬೇಕು. ನನಗೆ 85ರಿಂದ 95 ಗ್ರಾಂ. ಹಾಲು, ಮೊಸರು, ಶೇಂಗಾ, ಮಡಕಿಕಾಳು, ಕಡಲೆಕಾಳು ಇಟ್ಟರೂ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಸೋಯಾ ಚಂಕ್ಸ್ ಅದನ್ನು ತುಂಬಿಸಿತು, ಒಣಗಿದ 100 ಗ್ರಾಂನಲ್ಲಿ 50 ಗ್ರಾಂ ಮೇಲೆ ಪ್ರೋಟೀನ್ ಇದೆ. ಮೊಟ್ಟೆ ತಿನ್ನುವವರಿಗೆ ಕೆಲಸ ಇನ್ನೂ ಸುಲಭ, ಒಂದರಲ್ಲಿ 6 ಗ್ರಾಂ.

ಮಾತ್ರೆಗಳ ಬಗ್ಗೆ ನನ್ನ ವೃತ್ತಿಯಿಂದಾಗಿ ಒಂದೆರಡು ಮಾತು ಹೇಳಲೇಬೇಕು. "ಹಸಿವಿನ ಮಾತ್ರೆ" ಅಂತ ಕೈಗೆ ಸಿಗುವುದು ಹೆಚ್ಚಾಗಿ ಸೈಪ್ರೊಹೆಪ್ಟಡಿನ್. ಅದು ಅಲರ್ಜಿಯ ಔಷಧಿ, ಹಸಿವಿನ ಜೊತೆ ಜೋಂಪೂ ತರುತ್ತದೆ. ಬೈಕ್ ಓಡಿಸುವವರಿಗೆ ಅಪಾಯ. ಬಿಟ್ಟ ಮೇಲೆ ಹಸಿವು ಹೋಗುತ್ತದೆ, ಬಂದ ತೂಕವೂ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್. ಕೆನ್ನೆ ತುಂಬಿಕೊಂಡಂತೆ ಕಾಣುವುದು ಆರೋಗ್ಯವಲ್ಲ, ಬಾವು. ಶುಗರ್, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ, ಬಹಳ ದಿನ ತಗೊಂಡು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಯಾವ ಕಂಪನಿಯದೆಂದು ಗೊತ್ತಿಲ್ಲದ, ಪೊಟ್ಟಣ ಕಟ್ಟಿ ಕೊಡುವ ಪುಡಿಯನ್ನು ದಯವಿಟ್ಟು ಮುಟ್ಟಬೇಡಿ. ತೂಕ ಹೆಚ್ಚಿಸಲು ಮಾರುವ "ಗೇನರ್" ಪೌಡರ್ ಡಬ್ಬಿಗಳಲ್ಲಿ ವಿಷ ಏನಿಲ್ಲ, ಆದರೆ ಹಿಂದಿನ ಚೀಟಿ ಓದಿ ನೋಡಿ, ಹೆಚ್ಚಿನವುಗಳಲ್ಲಿ ಬಹುಪಾಲು ಇರುವುದು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಬೇಗ ಸಕ್ಕರೆಯಾಗುವ ಪಿಷ್ಟ. ಆ ದುಡ್ಡಿಗೆ ಎಷ್ಟು ಶೇಂಗಾ ಬರುತ್ತದೆ ಲೆಕ್ಕ ಹಾಕಿ.

ತೂಕ ನೋಡುವುದು ಬೆಳಿಗ್ಗೆ, ಹೊಟ್ಟೆ ಖಾಲಿ ಇದ್ದಾಗ, ಅದೇ ತಕ್ಕಡಿಯಲ್ಲಿ. ನೀರು, ಉಪ್ಪಿನಿಂದ ದಿನಕ್ಕೆ ಒಂದು ಕಿಲೋ ಆ ಕಡೆ ಈ ಕಡೆ ಆಗುತ್ತದೆ, ಅದಕ್ಕೆ ವಾರದ ಸರಾಸರಿ ಮಾತ್ರ ಬರೆದುಕೊಳ್ಳುತ್ತೇನೆ. ಜೊತೆಗೆ ಸೊಂಟದ ಸುತ್ತಳತೆ. ತೂಕಕ್ಕಿಂತ ಸೊಂಟ ಬೇಗ ಏರಿದರೆ ಸಿಹಿ ಕಡಿಮೆ ಮಾಡುತ್ತೇನೆ. ನಿದ್ದೆ ಏಳು ಗಂಟೆಗಿಂತ ಕಡಿಮೆಯಾದ ವಾರಗಳಲ್ಲಿ ಜಿಮ್‌ನಲ್ಲಿ ಭಾರವೂ ಏಳುವುದಿಲ್ಲ, ಊಟವೂ ಸೇರುವುದಿಲ್ಲ.

57 ಕೆ.ಜಿ.ಗೆ ಬಂದು ನಿಂತುಬಿಟ್ಟಿತು. ಇದು ಎಲ್ಲರಿಗೂ ಆಗುತ್ತದೆ, ಯಾಕಂದ್ರೆ ಬೆಳೆದ ಮೈಗೆ ಮೊದಲಿನ ಊಟ ಈಗ ಬರೀ ನಿಭಾಯಿಸುವಷ್ಟೇ ಆಗಿರುತ್ತದೆ. ತಟ್ಟೆ ಬದಲಿಸದೆ ಮಲಗುವ ಮುಂಚೆ ಒಂದು ಲೋಟ ಹಾಲು, ಎರಡು ಖರ್ಜೂರ ಸೇರಿಸಿದೆ. ಮೂರು ವಾರ ಕಾದೆ, ಮತ್ತೆ ಏರಿತು. 61ಕ್ಕೆ ಬಿಎಂಐ 20ರ ಹತ್ತಿರ ಬಂತು, 52 ಇದ್ದಾಗ ಅದು 17, ಆರೋಗ್ಯದ ಗೆರೆ 18.5. ಶುಗರ್, ಕೊಲೆಸ್ಟ್ರಾಲ್ ಮತ್ತೆ ಪರೀಕ್ಷೆ ಮಾಡಿಸಿದೆ, ಎರಡೂ ಸರಿ ಇವೆ. ಈಗ ರಾತ್ರಿಯ ಹಾಲು ನಿಲ್ಲಿಸಿದ್ದೇನೆ, ಸಂಜೆಯ ಲೋಟ ಮತ್ತು ಜಿಮ್ ಮುಂದುವರಿದಿವೆ. ಶುಗರ್ ಅಥವಾ ಕಿಡ್ನಿ ತೊಂದರೆ ಇರುವವರು ನನ್ನ ಬೆಲ್ಲ, ಬಾಳೆಹಣ್ಣು, ಪ್ರೋಟೀನ್ ಲೆಕ್ಕವನ್ನು ಹಾಗೇ ಹಿಡಿಯಬೇಡಿ, ನಿಮ್ಮ ಡಾಕ್ಟರ ಹತ್ತಿರ ಕೂತು ನಿಮ್ಮದೇ ಲೆಕ್ಕ ಹಾಕಿಸಿಕೊಳ್ಳಿ.