ಕುಂತಿಬೆಟ್ಟ: ಗುಂಪು ಕಟ್ಟಿಕೊಂಡು ಹತ್ತಿ ಇಳಿಯುವ ಬಗೆ

ಎತ್ತರದ ಲೆಕ್ಕದಲ್ಲಿ ಪಾಂಡವಪುರದ ಕುಂತಿಬೆಟ್ಟ ದೊಡ್ಡದೇನಲ್ಲ. ಸಮುದ್ರಮಟ್ಟದಿಂದ ಸುಮಾರು 2,880 ಅಡಿ ಅಂದರೂ, ಊರೇ 2,300 ಅಡಿ ಮೇಲಿದೆ. ಕಾಲಿಗೆ ಸಿಗುವ ಏರು 500 ಅಡಿ ಚಿಲ್ಲರೆ. ಈ ಲೆಕ್ಕ ನಂಬಿ ಚಪ್ಪಲಿ ಮೆಟ್ಟಿಕೊಂಡು, ಅರ್ಧ ಲೀಟರ್ ಬಾಟಲಿ ಹಿಡಿದು ಹೊರಟವರೇ ನಡುವೆ ಸಿಕ್ಕಿಹಾಕಿಕೊಳ್ಳುವುದು. ಇದು ಮಣ್ಣಿನ ಗುಡ್ಡವಲ್ಲ, ಒಂದರ ಮೇಲೊಂದು ಕೂತ ಬಂಡೆಗಳ ರಾಶಿ. ಹತ್ತುವಾಗ ಕೈ ಊರಿ, ಮಂಡಿ ಊರಿ ಹೇಗೋ ಹತ್ತಿಬಿಡಬಹುದು. ಇಳಿಯುವಾಗ ಅದೇ ಜಾಗದಲ್ಲಿ ಕಾಲಿಡುವ ಕಡೆ ಕಣ್ಣಿಗೇ ಬೀಳುವುದಿಲ್ಲ. ಗುಂಪಿನ ತಯಾರಿಯೆಲ್ಲ ಇಳಿಯುವುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಗಬೇಕು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಹತ್ತಕ್ಕೇ ಬಂಡೆ ಕಾದ ಹೆಂಚಿನಂತಾಗಿ, ಕೈ ಊರಲೂ ಆಗುವುದಿಲ್ಲ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಬೋಳು ನೆತ್ತಿಯ ಮೇಲೆ ಸಿಡಿಲಿಗೆ ಮರೆಯೇ ಇಲ್ಲ. ಮಳೆ ಬಂದ ಮಾರನೇ ದಿನವೂ ಬೇಡ. ಬಂಡೆಯ ಮೇಲೆ ನೀರು ಹರಿದ ದಾರಿಯಲ್ಲಿ ಕಪ್ಪು ಪಟ್ಟೆ ಇರುತ್ತದೆ, ಅದು ಪಾಚಿ. ಒಣಗಿದಾಗ ಒರಟಾಗಿ ಹಿಡಿತ ಕೊಡುವ ಅದೇ ಪಟ್ಟೆ ನೆಂದರೆ ಕಾಲನ್ನು ಜಾರಿಸಿಬಿಡುತ್ತದೆ. ಬೆಳಗಿನ ಇಬ್ಬನಿ ಬಿದ್ದರೂ ಸಾಕು.

ಮೈಸೂರಿನಿಂದ ಪಾಂಡವಪುರಕ್ಕೆ ಸುಮಾರು 30 ಕಿ.ಮೀ. ಬೆಳಕು ಹರಿಯುವ ಹೊತ್ತಿಗೆ ತಪ್ಪಲಿನಲ್ಲಿರಬೇಕಾದರೆ ಐದೂವರೆಗೆ ಹೊರಡಬೇಕು. ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಕತ್ತಲಲ್ಲಿ ರಸ್ತೆಗಿಳಿದಿರುತ್ತವೆ. ಗಾಡಿ ನಿಧಾನವಾಗಿ ಓಡಿಸಿ. ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಹಿಂದಿನ ವಾರವೇ ವಿಚಾರಿಸಿಕೊಳ್ಳಿ. ಸೂರ್ಯೋದಯ ನೋಡಬೇಕೆಂದು ರಾತ್ರಿ ಹತ್ತುವ ಆಸೆಯನ್ನು ಬಿಟ್ಟುಬಿಡಿ. ಈ ಸೀಮೆಯಲ್ಲಿ ಚಿರತೆಯಿದೆ, ಬಂಡೆ ಸಂದಿಯಲ್ಲಿ ಕೊಳಕುಮಂಡಲವಿರುತ್ತದೆ, ಟಾರ್ಚ್ ಬೆಳಕಿನಲ್ಲಿ ಬಂಡೆಯ ಇಳಿಜಾರು ಎಷ್ಟೆಂದು ತಿಳಿಯುವುದೇ ಇಲ್ಲ.

ಒಂದು ಗುಂಪಿಗೆ ಹನ್ನೆರಡು ಜನ ಸಾಕು. ಇಪ್ಪತ್ತು ಮಂದಿ ಬಂದರೆ ಎರಡು ಗುಂಪು ಮಾಡಿ, ಇಪ್ಪತ್ತು ನಿಮಿಷ ಬಿಟ್ಟು ಕಳಿಸಿ. ಕಡಿದಾದ ಒಂದು ಬಂಡೆಯನ್ನು ಒಬ್ಬೊಬ್ಬರಾಗಿ ದಾಟಲು ತಲಾ ಎರಡು ನಿಮಿಷ ಹಿಡಿದರೂ ಇಪ್ಪತ್ತು ಜನಕ್ಕೆ ನಲವತ್ತು ನಿಮಿಷ. ಅಂಥ ನಾಲ್ಕು ಜಾಗ ಬಂದರೆ ಬಿಸಿಲು ನೆತ್ತಿಗೇರಿರುತ್ತದೆ. ದಾರಿ ಗೊತ್ತಿರುವವರು ಒಬ್ಬರು ಮುಂದೆ, ಗಟ್ಟಿಗರು ಒಬ್ಬರು ಕೊನೆಗೆ. ಕೊನೆಯವರಿಗಿಂತ ಹಿಂದೆ ಯಾರೂ ಉಳಿಯಬಾರದು. ನಿಧಾನವಾಗಿ ನಡೆಯುವವರು ಮುಂದಿನವರ ಬೆನ್ನಿಗೇ ಇರಲಿ, ಅವರ ನಡಿಗೆಯೇ ಗುಂಪಿನ ನಡಿಗೆ. ಹಿಂದೆ ಬಿಟ್ಟರೆ ಅವರು ಏದುಸಿರು ಬಿಡುತ್ತಾ ತಲುಪುವ ಹೊತ್ತಿಗೆ ಮುಂದಿನವರು ಸುಧಾರಿಸಿಕೊಂಡು ಎದ್ದುಬಿಟ್ಟಿರುತ್ತಾರೆ, ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ನಿಂತ ಕಡೆಯೆಲ್ಲ ಕೂಗಿಸಿ. ತಲೆ ಎಣಿಸುವುದಕ್ಕಿಂತ ಇದು ಖಚಿತ.

ನೀರು ತಲಾ ಎರಡು ಲೀಟರ್, ಫೆಬ್ರವರಿ ಕೊನೆಯಲ್ಲಾದರೆ ಮೂರು. ಮೇಲೆ ಕುಡಿಯುವ ನೀರು ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ. ಗುಂಪಿಗೆ ಆರು ಓಆರ್‌ಎಸ್ ಪೊಟ್ಟಣ, ಎರಡು ಕ್ರೇಪ್ ಬ್ಯಾಂಡೇಜು, ಒಂದು ಸೀಟಿ, ಎರಡು ಟಾರ್ಚು. ತಿನ್ನಲು ಬೆಲ್ಲ, ಹುರಿದ ಕಡಲೆಬೀಜ, ಡಬ್ಬಿಯಲ್ಲಿ ಪುಳಿಯೋಗರೆ. ಪ್ಲಾಸ್ಟಿಕ್ ಕವರನ್ನು ಕೈಯಲ್ಲಿ ಹಿಡಿದರೆ ಕೋತಿ ಬಿಡುವುದಿಲ್ಲ. ಎಲ್ಲವೂ ಬೆನ್ನಿನ ಚೀಲದಲ್ಲಿರಲಿ, ಎರಡು ಕೈಯೂ ಖಾಲಿಯಿರಬೇಕು. ಬೂಟಿನ ಅಟ್ಟೆ ಮೆತ್ತನೆಯ ರಬ್ಬರಿನದಾಗಿರಲಿ. ಉಗುರು ಒತ್ತಿ ನೋಡಿ: ಚೂರೂ ತಗ್ಗದ ಗಟ್ಟಿ ಅಟ್ಟೆ ಬಂಡೆಯ ಮೇಲೆ ಜಾರುತ್ತದೆ.

ಅಲ್ಲಲ್ಲಿ ಬಂಡೆಗೆ ಬಾಣದ ಗುರುತು ಬಳಿದಿರುತ್ತಾರೆ. ಮಾಸಿದವೂ ಇರುತ್ತವೆ, ಯಾರೋ ತಮಾಷೆಗೆ ಬಳಿದವೂ ಇರುತ್ತವೆ. ತಪ್ಪಲಲ್ಲಿ ಕುರಿ ಮೇಯಿಸುವವರು ಸಿಕ್ಕರೆ "ಯಜಮಾನ್ರೇ, ಹತ್ತೋ ದಾರಿ ಯಾವ ಕಡೆ?" ಎಂದು ಕೇಳಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಹತ್ತುತ್ತಾ ಪ್ರತಿ ತಿರುವಿನಲ್ಲೂ ಹಿಂದಿರುಗಿ ನೋಡಿ, ಕೆಳಗಿನ ಕೊಳ ಯಾವ ಬಂಡೆಯ ಯಾವ ಪಕ್ಕಕ್ಕೆ ಕಾಣುತ್ತಿದೆ ಎಂದು ಫೋಟೊ ಹಿಡಿದಿಟ್ಟುಕೊಳ್ಳಿ. ಇಳಿಯುವಾಗ ಕೊರಕಲುಗಳೆಲ್ಲ ಒಂದೇ ಥರ ಕಾಣುತ್ತವೆ. ತಪ್ಪು ಕೊರಕಲಿಗಿಳಿದರೆ ಅರ್ಧದಲ್ಲಿ ಲಂಟಾನ ಪೊದೆಯೋ ಆಳೆತ್ತರದ ಕಡಿದೋ ಎದುರಾಗುತ್ತದೆ.

ಇಳಿಜಾರು ಬಂಡೆಯ ಮೇಲೆ ಹೆದರಿದವರು ಮುಂದಕ್ಕೆ ಬಾಗಿ ಬಂಡೆಯನ್ನು ಅಪ್ಪಿಕೊಳ್ಳುತ್ತಾರೆ. ಜಾರುವುದು ಅದರಿಂದಲೇ. ಮೈ ಬಾಗಿದರೆ ಭಾರ ಪಾದದ ಮೇಲೆ ನೇರವಾಗಿ ಬೀಳದೆ ಪಾದವನ್ನು ಹೊರಕ್ಕೆ ತಳ್ಳುತ್ತದೆ. ನೇರ ನಿಂತು, ಹಿಮ್ಮಡಿ ತಗ್ಗಿಸಿ, ಇಡೀ ಅಟ್ಟೆ ಬಂಡೆಗೆ ತಾಗುವಂತೆ ಪುಟ್ಟ ಹೆಜ್ಜೆ ಇಡಿ. ಬಂಡೆಯ ಮೇಲ್ಪದರ ಅಪ್ಪಳದ ಹಾಗೆ ಎದ್ದಿದ್ದರೆ ಕಾಲಿಡುವ ಮೊದಲು ಗೆಣ್ಣಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹಾಕಬೇಡಿ. ಒಬ್ಬರು ಹತ್ತುವಾಗ ಅವರ ನೇರ ಕೆಳಗೆ ಯಾರೂ ನಿಲ್ಲಕೂಡದು. ಕಲ್ಲು ಉರುಳಿತೆಂದರೆ "ಕಲ್ಲು!" ಎಂದಷ್ಟೇ ಕೂಗಿ.

ಚಾಚಿದ ಬಂಡೆಯ ಅಡಿಯಲ್ಲಿ ಹೆಜ್ಜೇನು ಕಂಡರೆ ಮಾತು ನಿಲ್ಲಿಸಿ ಸುತ್ತುಬಳಸಿ ಹೋಗಿ. ಆ ದಿನ ಯಾರೂ ಸೆಂಟು ಹಾಕಿಕೊಂಡು ಬರುವುದು ಬೇಡ, ಮೇಲೆ ಬೀಡಿ ಸಿಗರೇಟು, ಒಲೆ ಯಾವುದೂ ಬೇಡ. ಹೊಗೆ ಮತ್ತು ಗಾಢ ವಾಸನೆಗೆ ಹೆಜ್ಜೇನು ಕೆರಳುತ್ತದೆ. ಎದ್ದರೆ ಟವೆಲ್ಲಿನಿಂದ ಮುಖ ಕತ್ತು ಮುಚ್ಚಿ, ಕೈ ಬೀಸದೆ, ಬಂದ ದಾರಿಯಲ್ಲೇ ಬೇಗ ದೂರ ಸರಿಯಿರಿ. ಕಚ್ಚಿಸಿಕೊಂಡವರ ತುಟಿ ಊದಿದರೆ, ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ನೆತ್ತಿ ತಲುಪಲಿ ಬಿಡಲಿ, ಒಂಬತ್ತೂವರೆಗೆ ಇಳಿಯಲು ಶುರುಮಾಡಬೇಕು. ಈ ಹೊತ್ತನ್ನು ತಪ್ಪಲಿನಲ್ಲೇ ಎಲ್ಲರಿಗೂ ಹೇಳಿಬಿಡಿ. ಮೇಲೆ ನಿಂತು ತೀರ್ಮಾನಿಸಹೊರಟರೆ ಇನ್ನೊಂದು ಫೋಟೊ, ಇನ್ನೈದು ನಿಮಿಷ ಎಂದು ಹನ್ನೊಂದಾಗುತ್ತದೆ. ಇಳಿಯುವ ಮೊದಲು ಲೇಸು ಬಿಚ್ಚಿ ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಹೆಬ್ಬೆರಳ ಉಗುರು ಬೂಟಿನ ಮೂತಿಗೆ ಬಡಿದು ಕಪ್ಪಾಗುತ್ತದೆ. ಕಡಿದಿನಲ್ಲಿ ಬಂಡೆಗೆ ಮುಖ ಮಾಡಿ ಏಣಿ ಇಳಿದಂತೆ ಇಳಿಯಿರಿ. "ಕೈ ಕೊಡಿ, ಎಳ್ಕೋತೀನಿ" ಅನ್ನುವುದು ಬೇಡ, ಒಬ್ಬರು ಜಾರಿದರೆ ಇಬ್ಬರೂ ಹೋಗುತ್ತಾರೆ. ಕೆಳಗೆ ಒಂದು ಪಕ್ಕಕ್ಕೆ ನಿಂತವರು ದಾರಿ ಹೇಳಲಿ: "ಅಕ್ಕಾ, ಎಡಗಾಲು ಇನ್ನೊಂದು ಗೇಣು ಕೆಳಗೆ, ಹಾಂ, ಅಲ್ಲೇ ಊರಿ." ಕಾಲು ಉಳುಕಿದರೆ ಬೂಟು ಬಿಚ್ಚಬೇಡಿ, ಊದಿದ ಪಾದ ಮತ್ತೆ ಒಳಗೆ ಹೋಗುವುದಿಲ್ಲ. ಬೂಟಿನ ಮೇಲೆಯೇ ಕ್ರೇಪ್ ಸುತ್ತಿ, ಕುಂಡಿ ಊರಿಕೊಂಡೇ ಇಳಿಸಿ.

ಇಲ್ಲಿಂದ ಹೆಚ್ಚಿನವರು ತೊಣ್ಣೂರು ಕೆರೆಗೆ ಹೋಗುತ್ತಾರೆ. ತಿಳಿನೀರು ಕಂಡೊಡನೆ ಧುಮುಕಬೇಡಿ. ದಣಿದ ಕಾಲು ನೀರಿನಲ್ಲಿ ಸೆಡೆತುಕೊಳ್ಳುತ್ತದೆ, ತಿಳಿಯಾಗಿರುವುದರಿಂದಲೇ ಆಳ ಕಡಿಮೆಯೆಂದು ಕಣ್ಣು ಮೋಸಹೋಗುತ್ತದೆ. ದಡದಲ್ಲಿ ಕೂತು ಕಾಲು ಇಳಿಬಿಡಿ, ಸಾಕು. ನಂಬಿನಾರಾಯಣ ದೇವಸ್ಥಾನವನ್ನೂ ನೋಡುವುದಿದ್ದರೆ ಮೊದಲು ಅಲ್ಲಿಗೇ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿಬಿಡುತ್ತಾರೆ.