ಸಿಂಧನೂರಿನ ಕ್ಯಾಂಪ್ ಶಾಲೆಯಲ್ಲಿ ಬಿ.ಎಡ್. ಇಂಟರ್ನ್‌ಶಿಪ್: ಮೊದಲ ದಿನಗಳನ್ನು ಹೀಗೆ ನಡೆಸಿದೆ

ಬಿ.ಎಡ್. ಕೋರ್ಸಿನ ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲಿದ್ದು ಕಲಿಸಬೇಕು ಎನ್ನುವುದು ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮ. ಬಳ್ಳಾರಿಯಿಂದ ಸಿರುಗುಪ್ಪ ದಾಟಿ, ತುಂಗಭದ್ರೆಯ ಸೇತುವೆ ಹಾದು ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗೆ ರಾಜ್ಯದ ಗಡಿ ಸಿಗುವುದಿಲ್ಲ, ಆದರೆ ತರಗತಿಯೊಳಗೆ ಕಾಲಿಟ್ಟ ಕೂಡಲೇ ನಾಲ್ಕೈದು ಭಾಷೆಗಳ ಗಡಿ ಸಿಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಈ ಎರೆ ಭೂಮಿಗೆ ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಕ್ಯಾಂಪುಗಳು ಇಲ್ಲಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳೂ ಇವೆ. ಇವುಗಳ ಜೊತೆಗೆ ಲಂಬಾಣಿ, ಉರ್ದು ಮತ್ತು ರಾಯಚೂರಿನ ಗಟ್ಟಿ ಕನ್ನಡ. ಪಠ್ಯಪುಸ್ತಕದ ಕನ್ನಡ ಮಾತ್ರ ಯಾವ ಮಗುವಿನ ಮನೆಯದೂ ಅಲ್ಲ. ಹಾಗಾಗಿ ಮೊದಲ ವಾರದ ಮುಖ್ಯ ಕೆಲಸ ಪಾಠಯೋಜನೆ ಬರೆಯುವುದಲ್ಲ, ಮಕ್ಕಳ ಮಾತು ಕೇಳುವುದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಕನ್ನಡ ಮತ್ತು ಸಮಾಜ ವಿಜ್ಞಾನ ನನ್ನ ಬೋಧನಾ ವಿಷಯಗಳು, ತರಗತಿಗಳು 6ರಿಂದ 8.

ಇರುವ ಜಾಗದ ಮಾತು ಮೊದಲು ಮುಗಿಸುತ್ತೇನೆ. ಸಿಂಧನೂರಿನಲ್ಲಿ ರೂಮು ಮಾಡಿ ದಿನಾ ಓಡಾಡಬಹುದು, ಕ್ಯಾಂಪಿನಲ್ಲೇ ಒಂದು ಮನೆಯವರ ಜೊತೆ ಇರಲೂಬಹುದು. ತೀರ್ಮಾನಕ್ಕೆ ಮುಂಚೆ ಶನಿವಾರದ ಮೊದಲ ಬಸ್ಸಿನ ಹೊತ್ತು ಕೇಳಿ. ಉಳಿದ ದಿನ ಹೇಗೋ ತಲುಪುತ್ತೀರಿ, ಆದರೆ ಶನಿವಾರ ಬೆಳಗಿನ ಶಾಲೆ, ಆವತ್ತು ಟಂಟಂ (ಶೇರ್ ಆಟೋ) ತುಂಬುವವರೆಗೆ ಕಾದರೆ ಪ್ರಾರ್ಥನೆ ತಪ್ಪುತ್ತದೆ. ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಶೂನ್ಯ (ಉಚಿತ) ಟಿಕೆಟ್ಟಿಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲೇ ಇಟ್ಟುಕೊಳ್ಳಬೇಕು. ನಾನು ಕ್ಯಾಂಪನ್ನೇ ಆರಿಸಿಕೊಂಡೆ. ಸಂಜೆ ಕಟ್ಟೆಯ ಮೇಲೆ ಮಕ್ಕಳು ಆಡುವಾಗ ಕೇಳಿಸುವ ಮಾತು ತರಗತಿಯಲ್ಲಿ ಎಂದೂ ಕೇಳಿಸುವುದಿಲ್ಲ.

ನೀರಿನ ವಿಷಯದಲ್ಲಿ ಉದಾಸೀನ ಬೇಡ. ರಾಯಚೂರು, ಕೊಪ್ಪಳ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಸರಿಹೋಗುತ್ತದೆ ಎಂದು ಹೊಸಬರು ತಿಳಿಯುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ತರುವುದೇ ದಾರಿ. ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ಮೂರು ದಿನ ಬರುತ್ತದೆ. ಕರೆಂಟ್ ಹೋದರೆ ಘಟಕವೂ ನಿಲ್ಲುವುದರಿಂದ ಎರಡು ಕ್ಯಾನು ಬೇಕು, ಘಟಕಕ್ಕೆ ಹಾಕಲು ನಾಣ್ಯವೂ ಕೂಡಿಟ್ಟಿರಬೇಕು. ಸುತ್ತ ಭತ್ತದ ಗದ್ದೆ ಇರುವುದರಿಂದ ಸೊಳ್ಳೆಪರದೆ ಮನೆಯಿಂದಲೇ ಒಯ್ಯಿರಿ. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ವಾರ ಕಳೆಯಬಹುದು. ಮಧ್ಯಾಹ್ನ ಮಕ್ಕಳ ಪಂಕ್ತಿಯ ಹತ್ತಿರವೇ ಕೂತುಕೊಳ್ಳಿ, ಸ್ಟಾಫ್ ರೂಮಿನಲ್ಲಿ ಬೇಡ. ಬಿಸಿಯೂಟದ ಹೊತ್ತಿನಲ್ಲಿ ಯಾರು ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಅಲ್ಲಿ ಪೂರ್ತಿ ಕಾಣುತ್ತದೆ.

ಮುಖ್ಯ ಗುರುಗಳ ಅನುಮತಿ ಪಡೆದು ದಾಖಲಾತಿ ವಹಿ ನೋಡಿದರೆ ಅದರಲ್ಲಿ ಮಾತೃಭಾಷೆಯ ಕಲಂ ಇರುತ್ತದೆ. ಅದೊಂದನ್ನೇ ನೆಚ್ಚಿ ಕೂರಬಾರದು. ಸೇರಿಸುವ ಅವಸರದಲ್ಲಿ ಮಾಧ್ಯಮದ ಭಾಷೆಯನ್ನೇ ಅಲ್ಲಿ ಬರೆದಿರುವುದುಂಟು. ನಾನು ಒಂದು ಉದ್ದ ಹಾಳೆಯಲ್ಲಿ ನಾಲ್ಕು ಕಲಂ ಎಳೆದುಕೊಂಡೆ: ಮಗುವಿನ ಹೆಸರು, ಅವ್ವನ ಕೂಡ ಆಡುವ ಭಾಷೆ, ಅಜ್ಜ-ಅಜ್ಜಿಯ ಕೂಡ ಆಡುವ ಭಾಷೆ, ಆಟದಲ್ಲಿ ಆಡುವ ಭಾಷೆ. "ನಿನ್ನ ಮಾತೃಭಾಷೆ ಯಾವುದು?" ಎಂದು ಕೇಳಿದರೆ ಇಡೀ ಕೋಣೆ "ಕನ್ನಡ ರೀ ಟೀಚರ್ರ" ಎನ್ನುತ್ತದೆ, ಏಕೆಂದರೆ ಶಾಲೆಗೆ ಬೇಕಾದ ಉತ್ತರ ಅದು ಎಂದು ಮಕ್ಕಳಿಗೆ ಗೊತ್ತು. "ಹಸಿವಾದ್ರ ಮನಿಯಾಗ ಅವ್ವಗ ಹೆಂಗ ಹೇಳ್ತಿ, ಹೇಳು ನೋಡೋಣು" ಎಂದರೆ ನಿಜವಾದ ಭಾಷೆ ಬಾಯಿಗೆ ಬರುತ್ತದೆ. ಬಂಗಾಳಿ ಕ್ಯಾಂಪಿನ ಮಕ್ಕಳಿಗೆ "ನಿಮ್ಮವರು ಎಲ್ಲಿಂದ ಬಂದರು?" ಎಂದು ತರಗತಿಯ ನಡುವೆ ಕೇಳಬಾರದು. ದಾಖಲೆ, ಪೌರತ್ವದ ಆತಂಕ ಹೊತ್ತ ಮನೆಗಳಿವೆ. ವಂಶವೃಕ್ಷ ಬರೆಸುವ ಚಟುವಟಿಕೆಯನ್ನೂ ಅದಕ್ಕಾಗಿ ನಾನು ಮೊದಲ ತಿಂಗಳಲ್ಲಿ ಇಟ್ಟುಕೊಳ್ಳಲಿಲ್ಲ.

ಆಮೇಲೆ ಓದಿನ ಪರೀಕ್ಷೆ. ಮೂರನೇ ತರಗತಿಯ ಮಟ್ಟದ, ಮಕ್ಕಳು ಹಿಂದೆ ನೋಡಿರದ ಅರವತ್ತು-ಎಪ್ಪತ್ತು ಪದಗಳ ಒಂದು ಪ್ಯಾರಾವನ್ನು ನಾನೇ ದೊಡ್ಡಕ್ಷರದಲ್ಲಿ ಬರೆದುಕೊಂಡೆ. ಅವರ ಪುಸ್ತಕದ ಪಾಠ ಕೊಟ್ಟರೆ ಕಂಠಪಾಠ ಒಪ್ಪಿಸುತ್ತಾರೆ, ನಮಗೆ ಏನೂ ತಿಳಿಯುವುದಿಲ್ಲ. ಒಬ್ಬೊಬ್ಬರನ್ನೇ ಪಡಸಾಲೆಗೆ ಕರೆದು ಎರಡು ನಿಮಿಷ ಓದಿಸಿ, ಎಲ್ಲಿ ನಿಂತರು ಎಂದು ಗುರುತು ಹಾಕಿದೆ: ಮೂಲಾಕ್ಷರದಲ್ಲೋ, ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ, ಅಥವಾ ಓದಿಯೂ ಅರ್ಥದಲ್ಲೋ. ಈ ಕೊನೆಯ ಗುಂಪೇ ಹೊಸ ಶಿಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದಂತೆ ಓದಿದರಾಯಿತು, ಹಾಗಾಗಿ ತೆಲುಗು ಮನೆಯ ಮಗು ಒಂದು ಪದವೂ ತಿಳಿಯದೆ ಸರಾಗವಾಗಿ ಓದಿಬಿಡಬಲ್ಲದು. ಓದಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಅದರ ಮನೆಮಾತಿನಲ್ಲೇ ಹೇಳಲು ಬಿಡಿ. ನಿಮಗೆ ಆ ಭಾಷೆ ಬಾರದಿದ್ದರೆ ಮೇಲಿನ ತರಗತಿಯ ಒಬ್ಬ ಹುಡುಗಿ ದುಭಾಷಿಯಾಗಿ ಕೂತರೆ ಸಾಕು.

ತಪ್ಪುಗಳಿಗೆ ಕಾರಣ ಗೊತ್ತಾದರೆ ಸಿಟ್ಟು ಬರುವುದಿಲ್ಲ, ತಿದ್ದುವ ದಾರಿಯೂ ಕಾಣುತ್ತದೆ. ತೆಲುಗು ಮಾತಾಡುವ ಮಗು "ಅಕ್ಕ ಬಂತು" ಎಂದು ಬರೆಯುತ್ತದೆ. ತೆಲುಗಿನಲ್ಲಿ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದದ ರೂಪ ಒಂದೇ, ಮಗು ಆ ನಿಯಮವನ್ನು ಸರಿಯಾಗಿಯೇ ಪಾಲಿಸಿದೆ. "ಅಕ್ಕ ಬಂದಳು, ಬಸ್ಸು ಬಂತು" ಎಂದು ಜೋಡಿ ವಾಕ್ಯಗಳನ್ನು ದಿನಾ ಐದು ಹೇಳಿಸಿದೆ, ವ್ಯಾಕರಣದ ಹೆಸರೆತ್ತಲಿಲ್ಲ. ಬಂಗಾಳಿಯಲ್ಲಿ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಇ-ಈ, ಉ-ಊ ನಡುವೆ ಉಚ್ಚಾರದ ಉದ್ದದಿಂದ ಅರ್ಥ ಬದಲಾಗುವುದೂ ಇಲ್ಲ. ಆದ್ದರಿಂದ ಆ ಮಕ್ಕಳ ಬರವಣಿಗೆಯಲ್ಲಿ ದೀರ್ಘ ಬಿಟ್ಟುಹೋಗುತ್ತದೆ, 'ವ' ಬದಲು 'ಬ' ಬರುತ್ತದೆ, 'ಳ' ಎಲ್ಲವೂ 'ಲ' ಆಗುತ್ತದೆ. ಇದಕ್ಕೆ ಕಿವಿಯಿಂದ ಶುರುಮಾಡಬೇಕು, ಬರೆಸುವುದರಿಂದ ಅಲ್ಲ. ಬೆಳೆ-ಬೆಲೆ, ಹಳ್ಳಿ-ಹಲ್ಲಿ, ಬೀಡು-ಬಿಡು, ಕೂಡಿ-ಕುಡಿ ಹೀಗೆ ಜೋಡಿ ಚಿತ್ರಪಟ ಮಾಡಿ, ನಾನು ಹೇಳಿದ್ದನ್ನು ಬೆರಳಿಟ್ಟು ತೋರಿಸುವ ಆಟ ಆಡಿಸಿದೆ. ಕೇಳಿ ಬೇರ್ಪಡಿಸಲು ಬಂದ ಮೇಲೆ ಹೇಳುವುದು, ಅದಾದ ಮೇಲೆ ಬರೆಯುವುದು. ಈ ಕ್ರಮ ತಿರುವುಮುರುವಾದರೆ ನೂರು ಸಲ ನಕಲು ಬರೆಸಿದರೂ ಅದೇ ತಪ್ಪು ಉಳಿಯುತ್ತದೆ. ಇನ್ನು ಕನ್ನಡದ ಮನೆಯ ಮಕ್ಕಳ "ಮಾಡಾಕತ್ತೀನಿ", "ಸಾಲಿ" ಎಂಬ ಮಾತುಗಳನ್ನು ತಪ್ಪೆಂದು ತಿದ್ದಲೇಬಾರದು. ಅವರ ಮಾತು ಅದು. ಪುಸ್ತಕದ ರೂಪವನ್ನು ಪಕ್ಕಕ್ಕೆ ಇಡಬೇಕು, ಅಷ್ಟೇ.

ಇದಕ್ಕಾಗಿ ಗೋಡೆಗೆ ಒಂದು ಪದಪಟ ಹಾಕಿದೆ. ಪ್ರತಿ ಪಾಠದಿಂದ ಎಂಟೇ ಪದ. ಮೊದಲ ಸಾಲು ಪುಸ್ತಕದ್ದು, ಆಮೇಲೆ ಈ ಊರಿನ ಕನ್ನಡ, ತೆಲುಗು, ಬಂಗಾಳಿ, ಎಲ್ಲವೂ ಕನ್ನಡ ಲಿಪಿಯಲ್ಲಿ. ಪದಗಳನ್ನು ಮಕ್ಕಳೇ ಹೇಳಬೇಕು, ನಾನು ಬರೆಯುವವಳು ಮಾತ್ರ. ಹಾಲಿಗೆ ತೆಲುಗಿನ 'ಪಾಲು', ಹುಲಿಗೆ 'ಪುಲಿ', ಹತ್ತಿಗೆ 'ಪತ್ತಿ' ಬಂದಾಗ 'ಪ' ಇದ್ದಲ್ಲಿ 'ಹ' ಇಟ್ಟು ನೋಡುವುದನ್ನು ಮಕ್ಕಳೇ ಕಂಡುಕೊಂಡು ಮುಂದಿನ ಪದ ಊಹಿಸುತ್ತಾರೆ. ಎಂಟಕ್ಕಿಂತ ಹೆಚ್ಚು ಪದ ಹಾಕಿದರೆ ಪಟ ಗೋಡೆಯ ಅಲಂಕಾರವಾಗುತ್ತದೆ, ಯಾರೂ ಅದರತ್ತ ನೋಡುವುದಿಲ್ಲ.

ಕಾಲೇಜಿನ ಪಾಠಯೋಜನೆ 5ಇ ಮಾದರಿಯದು: ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ. ಕಾಗದದ ಮೇಲೆ 40 ನಿಮಿಷಕ್ಕೆ ಬರೆದದ್ದು ಮೊದಲ ಪೀರಿಯಡ್ಡಿನಲ್ಲಿ ಎಂದೂ ಮುಗಿಯುವುದಿಲ್ಲ. ಹಾಜರಿ, ಕ್ಷೀರಭಾಗ್ಯದ ಹಾಲು, ಬಿಸಿಯೂಟಕ್ಕೆ ತಲೆ ಎಣಿಕೆ ಎಲ್ಲ ಅದರಲ್ಲೇ ಸೇರಿರುತ್ತದೆ. ಮೂವತ್ತು ನಿಮಿಷಕ್ಕೆ ಯೋಜನೆ ಬರೆದು, ಮಿಕ್ಕ ಹೊತ್ತಿಗೆ ಒಂದು ಆಟ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಹಂತದ ಪಕ್ಕ ಪೆನ್ಸಿಲಿನಲ್ಲಿ 'ಮನೆಮಾತು' ಎಂದು ಇನ್ನೊಂದು ಕಲಂ ಎಳೆದು, ಎಲ್ಲಿ ಮಕ್ಕಳು ತಮ್ಮ ಭಾಷೆಯಲ್ಲಿ ಮಾತಾಡಬಹುದು ಎಂದು ಗುರುತಿಸುತ್ತಿದ್ದೆ. ಕಪ್ಪು ಹಲಗೆಯ ಅಕ್ಷರ ಎರಡು ಇಂಚಿಗೆ ಕಡಿಮೆ ಇರಬಾರದು, ಒತ್ತಕ್ಷರ ಇನ್ನೂ ದೊಡ್ಡದಿರಬೇಕು. ಹಿಂದಿನ ಸಾಲಿಗೆ ಒತ್ತು ಕಾಣದಿದ್ದರೆ 'ಕತ್ತೆ' 'ಕತೆ' ಆಗುತ್ತದೆ. "ಅರ್ಥ ಆಯ್ತಾ?" ಎಂಬ ಪ್ರಶ್ನೆಗೆ ಬರುವ "ಹೂಂ ರೀ" ನಂಬಬೇಡಿ. ಚಿತ್ರ ಬರೆಯಲು, ಎದ್ದು ತೋರಿಸಲು, ಅಭಿನಯಿಸಲು ಹೇಳಿ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸುವಷ್ಟು ಸುಮ್ಮನಿರಿ. ಎರಡು ಭಾಷೆಗಳ ನಡುವೆ ಹೋಗಿಬರಲು ಮಗುವಿಗೆ ಅಷ್ಟು ಹೊತ್ತು ಬೇಕು.

ಸಮಾಜ ವಿಜ್ಞಾನದ ಮೊದಲ ಪಾಠಕ್ಕೆ ನಾನು ಕಾಲುವೆಯನ್ನೇ ತೆಗೆದುಕೊಂಡೆ. ಇಲ್ಲಿನ ಮಕ್ಕಳಿಗೆ ಅದು ನಮಗಿಂತ ಚೆನ್ನಾಗಿ ಗೊತ್ತು. ಹೊಸಪೇಟೆಯ ಬಳಿಯ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ಮನೆಮನೆಯಲ್ಲೂ ಮಾತಾಡಿದ ವಿಷಯ. ಮುನಿರಾಬಾದಿನಿಂದ ಹೊರಡುವ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯಿಂದ ತಮ್ಮ ಹೊಲದವರೆಗೆ ನೀರು ಬರುವ ದಾರಿಯನ್ನು ಐದೈದು ಮಕ್ಕಳ ಗುಂಪು ಡ್ರಾಯಿಂಗ್ ಶೀಟಿನ ಮೇಲೆ ಬರೆಯಬೇಕು: ಮುಖ್ಯ ಕಾಲುವೆ, ಡಿಸ್ಟ್ರಿಬ್ಯೂಟರಿ (ಉಪಕಾಲುವೆ), ತೂಬು, ಹೊಲಗಾಲುವೆ. ಪ್ರತಿ ಗುಂಪಿನಲ್ಲಿ ಒಂದೇ ಮನೆಮಾತಿನವರು ಕನಿಷ್ಠ ಇಬ್ಬರಿರಲಿ, ಒಂಟಿಯಾದ ಮಗು ಬಾಯಿ ತೆರೆಯುವುದಿಲ್ಲ. ನಾಲ್ಕು ನಿಮಿಷ ಅವರವರ ಭಾಷೆಯಲ್ಲಿ ಚರ್ಚೆ, ಆಮೇಲೆ ಒಬ್ಬೊಬ್ಬರೂ ಕನ್ನಡದಲ್ಲಿ ಒಂದು ವಾಕ್ಯ. ಕೊನೆಯ ಭಾಗದ ಹೊಲಗಳಿಗೆ ನೀರು ಯಾಕೆ ಮುಟ್ಟುವುದಿಲ್ಲ ಎಂಬ ಪ್ರಶ್ನೆ ಹಾಕಿದರೆ ನಕ್ಷೆ, ನೀರಾವರಿ, ಹಂಚಿಕೆಯ ನ್ಯಾಯ ಮೂರೂ ಒಂದೇ ಪಾಠದಲ್ಲಿ ಬರುತ್ತವೆ.

ಗೈರುಹಾಜರಿಗೆ ಹೆದರಬೇಡಿ, ಅದರ ಲೆಕ್ಕ ಮೊದಲೇ ಹಾಕಿ. ಭತ್ತದ ನಾಟಿ, ಹತ್ತಿ ಬಿಡಿಸುವ ಹೊತ್ತು, ಮೊಹರಂನ ಅಲಾಯಿ, ಸಂತೆಯ ದಿನ ಇವೆಲ್ಲ ಕ್ಯಾಲೆಂಡರಿನಲ್ಲಿ ಗುರುತಾಗಲಿ. ವಸಂತ ಪಂಚಮಿಯಂದು ಬಂಗಾಳಿ ಮನೆಗಳಲ್ಲಿ ಪುಸ್ತಕಗಳನ್ನು ಸರಸ್ವತಿಯ ಮುಂದಿಟ್ಟು ಆವತ್ತು ಓದುವುದಿಲ್ಲ, ಘಟಕ ಪರೀಕ್ಷೆಯನ್ನು ಆ ದಿನಕ್ಕೆ ಇಡಬೇಡಿ. ನಾಟಿಯ ದಿನಗಳಲ್ಲಿ ಒಂದು ಪಾಠವನ್ನು ಮೂರು ದಿನಕ್ಕೆ ಎಳೆದರೆ ಅರ್ಧ ಮಕ್ಕಳಿಗೆ ಕೊಂಡಿ ತಪ್ಪುತ್ತದೆ, ಅಂದಂದಿನದು ಅಂದೇ ಮುಗಿಯುವಂತೆ ತುಂಡು ಮಾಡಿಕೊಳ್ಳಬೇಕು.

ಹೊರಡುವ ವಾರದಲ್ಲಿ ಭಾಷೆಯ ಹಾಳೆ ಮತ್ತು ಓದಿನ ಗುರುತುಗಳ ಒಂದು ಪ್ರತಿಯನ್ನು ತರಗತಿ ಶಿಕ್ಷಕರಿಗೆ ಒಪ್ಪಿಸಿ ಸಹಿ ಪಡೆಯಿರಿ. ಕಾಲೇಜಿಗೆ ಕೊಡುವ ವರದಿಯಲ್ಲಿ ಮಕ್ಕಳ ಹೆಸರು ಹಾಕಬೇಡಿ, ಕ್ರಮಸಂಖ್ಯೆ ಸಾಕು. ಪದಪಟಗಳನ್ನು ಬಿಚ್ಚಿಕೊಂಡು ಬರದೆ ಗೋಡೆಯಲ್ಲೇ ಬಿಡಿ, ಮುಂದಿನ ಪಾಠಗಳ ಪದ ಸೇರಿಸಲು ಕೆಳಗೆ ಖಾಲಿ ಸಾಲುಗಳಿರಲಿ.